ಶಾಲೆಯಲ್ಲಿ ಗಣಿತ ವಾರ: ಐದು ದಿನ ಮಕ್ಕಳ ಜೊತೆ ಏನೇನು ಮಾಡಬಹುದು?

ಸೀಮೆಸುಣ್ಣ

ಎಲ್ಲರಿಗೂ ನಮಸ್ಕಾರ. ನಾನು 6, 7, 8ನೇ ತರಗತಿಗಳಿಗೆ ಗಣಿತ ಹೇಳಿಕೊಡುತ್ತೇನೆ. ಮುಂದಿನ ತಿಂಗಳು ನಮ್ಮ ಶಾಲೆಯಲ್ಲಿ ಐದು ದಿನ ಗಣಿತ ವಾರ ಮಾಡೋಣ ಅಂತ ಹೆಡ್‌ಮಾಸ್ಟರ್ ಹೇಳಿದ್ದಾರೆ. ಜವಾಬ್ದಾರಿ ನನ್ನದು. ದಿನಾ ಎರಡು ಪೀರಿಯಡ್ ಬಿಟ್ಟುಕೊಟ್ಟಿದ್ದಾರೆ, ಜೊತೆಗೆ ಬೆಳಗ್ಗೆ ಅಸೆಂಬ್ಲಿಯಲ್ಲಿ ಹತ್ತು ನಿಮಿಷ. ಒಂದೊಂದು ತರಗತಿಯಲ್ಲಿ ಸುಮಾರು 40 ಮಕ್ಕಳಿದ್ದಾರೆ.

ನಾನು ಹಾಕಿಕೊಂಡಿರುವ ಪಟ್ಟಿ ಹೀಗಿದೆ: ಸೋಮವಾರ ಕ್ವಿಜ್, ಮಂಗಳವಾರ ಮಗ್ಗಿ ಸ್ಪರ್ಧೆ, ಬುಧವಾರ ಗಣಿತಜ್ಞರ ಬಗ್ಗೆ ಭಾಷಣ, ಗುರುವಾರ ಮಾದರಿಗಳ ಪ್ರದರ್ಶನ, ಶುಕ್ರವಾರ ಬಹುಮಾನ ವಿತರಣೆ. ಬರೆದು ಮುಗಿಸಿದ ಮೇಲೆ ಯಾಕೋ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಎಲ್ಲ ಶಾಲೆಯಲ್ಲೂ ಹೀಗೇ ಮಾಡುತ್ತಾರೆ ನಿಜ, ಆದರೆ ಇದರಲ್ಲಿ ಮಕ್ಕಳಿಗೆ ಖುಷಿ ಎಲ್ಲಿದೆ ಅಂತ ನನಗೇ ಕಾಣುತ್ತಿಲ್ಲ. ನಿಮ್ಮಲ್ಲಿ ಯಾರಾದರೂ ಮಾಡಿ ನೋಡಿದ್ದು, ಮಕ್ಕಳು ನಿಜವಾಗಿ ಇಷ್ಟಪಟ್ಟದ್ದು ಏನಾದರೂ ಇದ್ದರೆ ದಯವಿಟ್ಟು ಹೇಳಿ.

ಹಳೇ ಮೇಷ್ಟ್ರು

ಮೇಡಂ, ಒಂದೇ ಒಂದು ಪ್ರಶ್ನೆ. 40 ಮಕ್ಕಳಲ್ಲಿ ಕ್ವಿಜ್‌ಗೆ ಕೂರುವವರು ನಾಲ್ಕು ಜನ. ಉಳಿದ 36 ಜನ ಆ ಹೊತ್ತಿನಲ್ಲಿ ಏನು ಮಾಡುತ್ತಾರೆ?

ಮೂವತ್ತು ವರ್ಷ ಪಾಠ ಮಾಡಿ ನಿವೃತ್ತನಾದವನು ನಾನು. ನಾನೂ ಎಷ್ಟೋ ವರ್ಷ ಇದೇ ತರಹ ಮಾಡಿಸಿದ್ದೇನೆ. ಆ ನಾಲ್ಕು ಮಕ್ಕಳಿಗೆ ಗಣಿತ ವಾರದ ಅಗತ್ಯವೇ ಇಲ್ಲ, ಅವರು ಆಗಲೇ ಗಣಿತ ಪ್ರೀತಿಸುವವರು. ಚಪ್ಪಾಳೆ ತಟ್ಟುವ 36 ಜನರಿಗೆ ಅದು ಇನ್ನೂ ಗಟ್ಟಿಯಾಗಿ ಹೇಳುತ್ತದೆ: ಲೆಕ್ಕ ಅಂದರೆ ಬೇಗ ಉತ್ತರ ಹೇಳುವವರದ್ದು, ನಿಮ್ಮದಲ್ಲ ಅಂತ. ಹೀಗಾಗಿ ಮೊದಲು ಇದನ್ನು ತೀರ್ಮಾನ ಮಾಡಿ. ಈ ವಾರ ಯಾರಿಗಾಗಿ? ಅದು ಗೊತ್ತಾದರೆ ಚಟುವಟಿಕೆ ಹುಡುಕೋದು ಕಷ್ಟವಲ್ಲ.

ಹಿಂದಿನ ಬೆಂಚು

ನಾನು ಶಿಕ್ಷಕಿ ಅಲ್ಲ, ಏಳನೇ ತರಗತಿ ಓದುವ ಹುಡುಗಿಯ ತಾಯಿ. ಮೇಷ್ಟ್ರು ಹೇಳಿದ್ದು ಓದಿ ಸುಮ್ಮನಿರೋಕೆ ಆಗಲಿಲ್ಲ.

ನಾನು ಐದನೇ ತರಗತಿಯಲ್ಲಿದ್ದಾಗ ಮಗ್ಗಿ ಸ್ಪರ್ಧೆ ಇಟ್ಟಿದ್ದರು. ಎಲ್ಲರೂ ನಿಂತಿರಬೇಕು, ತಪ್ಪು ಹೇಳಿದವರು ಕೂರಬೇಕು. ನನಗೆ ಬಂದದ್ದು ಏಳೆಂಟ್ಲಿ. ಗೊತ್ತಿತ್ತು. ಮನೆಯಲ್ಲಿ ಹಿಂದಿನ ರಾತ್ರಿ ಹೇಳಿದ್ದೆ. ಅಲ್ಲಿ ಎಲ್ಲರ ಮುಖ ನನ್ನ ಕಡೆ ತಿರುಗಿದ್ದೇ ತಡ, ಬಾಯಿ ಒಣಗಿತು. ಐವತ್ತನಾಲ್ಕು ಅಂದೆ. ಮೊದಲು ಕೂತವಳು ನಾನೇ. ಇವತ್ತಿಗೂ ಅಂಗಡಿಯಲ್ಲಿ ಚಿಲ್ಲರೆ ಎಣಿಸುವಾಗ ಯಾರಾದರೂ ನೋಡುತ್ತಿದ್ದರೆ ಕೈ ತಡವರಿಸುತ್ತದೆ.

ಮೇಡಂ, ಮಗ್ಗಿ ಕಲಿಸಬೇಡಿ ಅಂತ ಹೇಳುತ್ತಿಲ್ಲ. ಖುಷಿಯ ವಾರ ಅಂತ ಹೆಸರಿಟ್ಟು ಎಲ್ಲರೆದುರು ನಿಲ್ಲಿಸಿ ಕೇಳಬೇಡಿ, ಅಷ್ಟೇ.

ಕೈವಾರ

ನಾನು ಹೈಸ್ಕೂಲಿಗೆ ಗಣಿತ ಹೇಳಿಕೊಡುವವನು. ಅಕ್ಕ ಹೇಳಿದ್ದು ಮನಸ್ಸಿಗೆ ತಟ್ಟಿತು. ಆದರೂ ಸ್ಪರ್ಧೆಯನ್ನು ಪೂರ್ತಿ ತೆಗೆದುಹಾಕುವುದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಓಟದಲ್ಲಿ ಗೆದ್ದವನಿಗೆ ಚಪ್ಪಾಳೆ ಇದೆ, ಹಾಡಿದವಳಿಗೆ ಇದೆ. ಲೆಕ್ಕದಲ್ಲಿ ಚುರುಕಾಗಿರುವ ಮಗು ವರ್ಷವಿಡೀ ಬೇರೆಯವರು ಮುಗಿಸಲಿ ಅಂತ ಕಾಯುತ್ತಾ ಕೂತಿರುತ್ತದೆ. ಅದಕ್ಕೂ ಒಂದು ದಿನ ಬೇಡವಾ? ಆ ಮಕ್ಕಳೂ ನಮ್ಮವರೇ ಅಲ್ವಾ.

ಹಳೇ ಮೇಷ್ಟ್ರು

ಬೇಕು ಸರ್, ಖಂಡಿತ ಬೇಕು. ಆದರೆ ಆ ಮಗುವಿಗೆ ಬೇಕಾದದ್ದು ಗಂಟೆ ಬಾರಿಸುವ ಆಟವಲ್ಲ, ಹಲ್ಲಿಗೆ ಸಿಗುವಂಥ ಗಟ್ಟಿ ಲೆಕ್ಕ. ಹೆದರುವ ಮಗುವೂ ಶುರು ಮಾಡಬಲ್ಲ, ಚುರುಕಿನ ಮಗುವೂ ಮುಗಿಸಲಾರದ ಲೆಕ್ಕಗಳಿವೆ. ಅಂಥವನ್ನೇ ಹುಡುಕಿ ಅಂತ ನನ್ನ ಮಾತು. ಒಂದು ಕೊಡುತ್ತೇನೆ.

ನಾಲ್ಕು ಅಂಕಿಯ ಯಾವುದಾದರೂ ಸಂಖ್ಯೆ ತಗೊಳ್ಳಿ. ನಾಲ್ಕೂ ಅಂಕಿ ಒಂದೇ ಇರಬಾರದು, ಅಷ್ಟೇ ನಿಯಮ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಆಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಕಳೆಯಿರಿ. ಬಂದ ಉತ್ತರಕ್ಕೆ ಮತ್ತೆ ಅದನ್ನೇ ಮಾಡಿ. 2025 ತಗೊಂಡರೆ:

5220 − 0225 = 4995
9954 − 4599 = 5355
5553 − 3555 = 1998
9981 − 1899 = 8082
8820 − 0288 = 8532
8532 − 2358 = 6174

ಇನ್ನು ಮುಂದೆ ಎಷ್ಟು ಸಲ ಮಾಡಿದರೂ 6174 ಬಿಟ್ಟು ಕದಲುವುದಿಲ್ಲ. ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಯೊಳಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಇದನ್ನು ಕಂಡುಹಿಡಿದವರು ದ. ರಾ. ಕಪ್ರೇಕರ್, 1949ರಲ್ಲಿ. ಅವರು ಯಾವ ವಿಶ್ವವಿದ್ಯಾಲಯದ ಪ್ರೊಫೆಸರೂ ಅಲ್ಲ, ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರು. ಇದನ್ನು ಮಕ್ಕಳಿಗೆ ಮರೆಯದೆ ಹೇಳಿ.

ಇದರ ಚೆಂದ ಏನು ಗೊತ್ತಾ? ಕಳೆಯುವ ಲೆಕ್ಕ ಬಂದರೆ ಸಾಕು. ಪ್ರತಿ ಮಗುವಿಗೂ ತನ್ನದೇ ಸಂಖ್ಯೆ. ಪಕ್ಕದವರದ್ದು ನೋಡಿ ಬರೆಯೋಕೆ ಆಗಲ್ಲ, ಬರೆಯುವ ಅಗತ್ಯವೂ ಇಲ್ಲ. 6174 ಅಂತ ಮೊದಲೇ ಹೇಳಿಬಿಡಬೇಡಿ. ಅದನ್ನು ಒಂದು ಚೀಟಿಯಲ್ಲಿ ಬರೆದು ಮಡಚಿ ಮೇಜಿನ ಮೇಲಿಡಿ. ಇಡೀ ತರಗತಿ ಲೆಕ್ಕ ಮಾಡಿ ಮುಗಿಸಿದ ಮೇಲೆ ಯಾರಿಂದಾದರೂ ಬಿಚ್ಚಿಸಿ.

ಕತ್ತರಿ ಅಂಟು

ನಾನು ಪ್ರೈಮರಿ ಶಿಕ್ಷಕಿ. ಕೈಯಲ್ಲಿ ಮಾಡುವಂಥದ್ದು ಒಂದು ಸೇರಿಸುತ್ತೇನೆ. ಇದನ್ನು ನಾನು ಪ್ರತಿ ವರ್ಷ ಮಾಡುತ್ತೇನೆ, ಬೇಜಾರಾಗಿದ್ದೇ ಇಲ್ಲ.

ಪೇಪರಿನ ಉದ್ದ ಪಟ್ಟಿ, ಒಂದು ತುದಿಯನ್ನು ಅರ್ಧ ಸುತ್ತು ತಿರುಚಿ ಇನ್ನೊಂದು ತುದಿಗೆ ಅಂಟಿಸಿ. ಮೋಬಿಯಸ್ ಪಟ್ಟಿ ಅಂತ ಇದರ ಹೆಸರು. ಪೆನ್ಸಿಲ್ ಎತ್ತದೆ ನಡುವೆ ಗೆರೆ ಎಳೆಯುತ್ತಾ ಹೋಗು ಅಂತ ಮಗುವಿಗೆ ಹೇಳಿ. ಎಳೆಯುತ್ತಾ ಎಳೆಯುತ್ತಾ ಹೊರಟ ಜಾಗಕ್ಕೇ ವಾಪಸ್ ಬರುತ್ತದೆ, ನೋಡಿದರೆ ಎರಡೂ ಕಡೆ ಗೆರೆ! ಪೇಪರಿಗೆ ಈಗ ಒಂದೇ ಮುಖ.

ಆಮೇಲೆ ಕತ್ತರಿ. ಆ ಗೆರೆ ಹಿಡಿದು ಕತ್ತರಿಸಿದರೆ ಏನಾಗುತ್ತದೆ ಅಂತ ಮೊದಲು ಕೇಳಿ. ಎಲ್ಲರೂ ಎರಡು ಬಳೆ ಬರುತ್ತದೆ ಅನ್ನುತ್ತಾರೆ. ಬರುವುದು ಒಂದೇ, ಎರಡರಷ್ಟು ಉದ್ದದ ಬಳೆ. ಈಗ ಹೊಸ ಪಟ್ಟಿ ಮಾಡಿ, ಅಂಚಿನಿಂದ ಮೂರನೇ ಒಂದು ಭಾಗ ಬಿಟ್ಟು ಕತ್ತರಿಸಲು ಹೇಳಿ. ಒಂದು ದೊಡ್ಡದು, ಒಂದು ಚಿಕ್ಕದು, ಕೊಂಡಿ ಹಾಕಿಕೊಂಡು ಬರುತ್ತವೆ.

ಅನುಭವದ ಮಾತು: ಹಳೇ ನ್ಯೂಸ್‌ಪೇಪರ್ ಬೇಡ, ಕತ್ತರಿಸುವಾಗ ಹರಿಯುತ್ತದೆ. ಪಟ್ಟಿ ನಾಲ್ಕು ಸೆಂಟಿಮೀಟರ್ ಅಗಲ ಇರಲಿ, ಇಲ್ಲದಿದ್ದರೆ ಮೂರನೇ ಒಂದು ಭಾಗ ಕತ್ತರಿಸೋಕೆ ಚಿಕ್ಕ ಕೈಗಳಿಗೆ ಕಷ್ಟ. ಅಂಟಿಸಿದ ಜಾಗದಲ್ಲಿ ಅಗಲ ಪೂರ್ತಿ ಅಂಟಿರಬೇಕು. ನಡುವೆ ಮಾತ್ರ ಒಂದು ಚೂರು ಗಮ್ ಹಚ್ಚಿದ್ದರೆ ಕತ್ತರಿಸಿದಾಗ ಬಿಚ್ಚಿಕೊಂಡು ಮಗು ಅಳುಮುಖ ಮಾಡುತ್ತದೆ.

ಸೀಮೆಸುಣ್ಣ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಿಂದಿನ ಬೆಂಚು ಅಕ್ಕ, ಮಗ್ಗಿ ಸ್ಪರ್ಧೆಯನ್ನು ಈಗಲೇ ಹೊಡೆದು ಹಾಕಿದೆ.

6174 ನಾನೇ ಕೂತು ಹತ್ತು ಸಲ ಮಾಡಿದೆ. ಮೋಬಿಯಸ್ ಪಟ್ಟಿಯನ್ನು ನನ್ನ ಮಗನ ಜೊತೆ ಮಾಡಿದೆ, ರಾತ್ರಿ ಊಟಕ್ಕೆ ಕರೆದರೂ ಎದ್ದು ಬರಲಿಲ್ಲ. ಒಂದು ದಿನ ಪೈ ಬಗ್ಗೆ ಏನಾದರೂ ಮಾಡಬೇಕು ಅಂತ ಆಸೆ. ಬರೀ ದಶಮಾಂಶ ಬಾಯಿಪಾಠ ಮಾಡಿಸುವುದು ಬಿಟ್ಟು ಬೇರೆ ಏನಿದೆ?

ಅಂಕಿ ಅಂಶ

ಬಾಯಿಪಾಠ ಬೇಡವೇ ಬೇಡ. ದಾರ ತನ್ನಿ.

ಪ್ರತಿ ಮಗುವೂ ಮನೆಯಿಂದ ಒಂದು ದುಂಡಗಿನ ವಸ್ತು ತರಲಿ. ಡಬ್ಬಿ ಮುಚ್ಚಳ, ತಟ್ಟೆ, ಟೇಪ್ ರೋಲ್, ಏನಾದರೂ ಸರಿ. ಸುತ್ತ ದಾರ ಸುತ್ತಿ ಸರಿಯಾಗಿ ಒಂದು ಸುತ್ತಿಗೆ ಕತ್ತರಿಸಲಿ. ಗೋಡೆಗೆ ದೊಡ್ಡ ಚಾರ್ಟ್ ಅಂಟಿಸಿ, ಕೆಳಗೆ ಅಡ್ಡಗೆರೆಯ ಮೇಲೆ ಸೆಂಟಿಮೀಟರ್ ಗುರುತು ಹಾಕಿ. 5 ಸೆಂಟಿಮೀಟರ್ ವ್ಯಾಸದ ಮುಚ್ಚಳದ ದಾರವನ್ನು 5ರ ಗುರುತಿನಿಂದ ನೆಟ್ಟಗೆ ಮೇಲಕ್ಕೆ ಅಂಟಿಸುವುದು. 20ರ ತಟ್ಟೆಯದ್ದು 20ರ ಮೇಲೆ, ಅದು ಸುಮಾರು 63 ಸೆಂಟಿಮೀಟರ್ ಎತ್ತರ ಹೋಗುತ್ತದೆ. ನಲವತ್ತು ದಾರ ಅಂಟಿಸಿ ದೂರ ನಿಂತು ನೋಡಿದರೆ ದಾರಗಳ ತುದಿಗಳೆಲ್ಲ ಒಂದೇ ನೇರ ಗೆರೆಯಲ್ಲಿ ಕೂತಿರುತ್ತವೆ. ಮುಚ್ಚಳವೋ ತಟ್ಟೆಯೋ, ಎಲ್ಲದರಲ್ಲೂ ದಾರದ ಉದ್ದ ವ್ಯಾಸದ ಅದೇ ಮೂರು ಚಿಲ್ಲರೆ ಪಟ್ಟು. ಪೈ ಅಂದರೆ ಅದೇ. ಜೊತೆಗೆ ಒಂದು ತಪ್ಪು ಕಲ್ಪನೆಯನ್ನೂ ತಿದ್ದಿಬಿಡಿ. ಪೈ ಅಂದರೆ 22/7 ಅಂತಲೇ ಎಷ್ಟೋ ಮಕ್ಕಳು ನಂಬಿರುತ್ತಾರೆ. 22/7 ಅಂದರೆ 3.1428..., ಪೈ 3.1415... ಹತ್ತಿರ ಇದೆ, ಅದೇ ಅಲ್ಲ.

ಇನ್ನೊಂದು, ಇದಕ್ಕೆ ಸಮಯವೇ ಬೇಡ. ಗಾಜಿನ ಜಾಡಿಯಲ್ಲಿ ಗೋಲಿ ತುಂಬಿ ಸೋಮವಾರ ಬಾಗಿಲ ಬಳಿ ಇಡಿ. ಎಷ್ಟಿವೆ ಅಂತ ಪ್ರತಿಯೊಬ್ಬರೂ ಅಂದಾಜು ಬರೆದು ಡಬ್ಬಿಗೆ ಹಾಕಲಿ. ಶುಕ್ರವಾರ ಎಲ್ಲರ ಅಂದಾಜನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಸರಿ ನಡುವಿನದ್ದನ್ನು ಎತ್ತಿಕೊಳ್ಳಿ, ಆಮೇಲೆ ಗೋಲಿ ಎಣಿಸಿ. 1906ರಲ್ಲಿ ಇಂಗ್ಲೆಂಡಿನ ಒಂದು ಜಾತ್ರೆಯಲ್ಲಿ ಎತ್ತಿನ ತೂಕ ಊಹಿಸುವ ಪಂದ್ಯ ಇತ್ತು. ಸುಮಾರು 800 ಜನ ಬರೆದುಕೊಟ್ಟ ಚೀಟಿಗಳನ್ನು ಫ್ರಾನ್ಸಿಸ್ ಗಾಲ್ಟನ್ ಅನ್ನುವ ವಿಜ್ಞಾನಿ ಜೋಡಿಸಿ ನೋಡಿದ. ನಡುವಿನ ಅಂದಾಜಿಗೂ ನಿಜವಾದ ತೂಕಕ್ಕೂ ಶೇಕಡಾ 1ರಷ್ಟೂ ವ್ಯತ್ಯಾಸ ಇರಲಿಲ್ಲ. ನಿಮ್ಮ ಜಾಡಿಯಲ್ಲಿ ಅಷ್ಟು ಹತ್ತಿರ ಬರುತ್ತದೆ ಅಂತ ಖಾತ್ರಿ ಕೊಡಲಾರೆ. ಬರದಿದ್ದರೆ ಯಾಕೆ ಬರಲಿಲ್ಲ ಅಂತ ಮಾತಾಡಿ, ಅದೂ ಒಳ್ಳೇ ಪಾಠವೇ. ಇಲ್ಲಿ ಲೆಕ್ಕದಲ್ಲಿ ಹಿಂದಿರುವ ಮಗುವಿನ ಚೀಟಿಗೂ ಮುಂದಿರುವ ಮಗುವಿನ ಚೀಟಿಯಷ್ಟೇ ಬೆಲೆ ಇದೆ, ನನಗೆ ಇಷ್ಟವಾಗುವುದು ಅದು.

ಕೈವಾರ

ಮೇಷ್ಟ್ರ ಮಾತು ಒಪ್ಪಿದೆ. ಗಟ್ಟಿ ಲೆಕ್ಕ ಅಂದಿರಲ್ಲ, ನನ್ನ ಕಡೆಯಿಂದ ಎರಡು.

ಒಂದು ಆಟದ ಮೈದಾನಕ್ಕೆ. ಸುಣ್ಣದಲ್ಲಿ ಒಂದು ನದಿ ಬರೆಯಿರಿ. ಎರಡು ದಡ, ನಡುವೆ ಎರಡು ದ್ವೀಪ, ಏಳು ಸೇತುವೆ. ಒಂದು ದ್ವೀಪಕ್ಕೆ ಐದು ಸೇತುವೆ, ಉಳಿದ ಮೂರು ಜಾಗಕ್ಕೂ ಮೂರು ಮೂರು ಸೇತುವೆ ಬರಬೇಕು. ಪ್ರತಿ ಸೇತುವೆಯನ್ನೂ ಒಂದೇ ಒಂದು ಸಲ ದಾಟಿ ಎಲ್ಲ ಸೇತುವೆ ಮುಗಿಸಬೇಕು. ಕೋನಿಗ್ಸ್‌ಬರ್ಗ್ ಅನ್ನುವ ಊರಿನಲ್ಲಿ ಹಿಂದೆ ನಿಜವಾಗಿ ಇದ್ದ ಸೇತುವೆಗಳಿವು. ಇದು ಸಾಧ್ಯವೇ ಇಲ್ಲ ಅಂತ 18ನೇ ಶತಮಾನದಲ್ಲಿ ಆಯ್ಲರ್ ಅನ್ನುವ ಗಣಿತಜ್ಞ ತೋರಿಸಿದ. ಮಕ್ಕಳಿಗೆ ಮೊದಲೇ ಹೇಳಬೇಡಿ, ಓಡಾಡಲಿ. ಸಾಕಾದ ಮೇಲೆ ಎಲ್ಲಾದರೂ ಎರಡು ಜಾಗದ ನಡುವೆ ಇನ್ನೊಂದು ಸೇತುವೆ ಬರೆಯಿರಿ. ಆಗುತ್ತದೆ! ಯಾಕೆ ಅಂತ ಆಗ ಕೇಳಿ. ಒಂದು ಜಾಗಕ್ಕೆ ಬಂದು ಹೋಗೋಕೆ ಎರಡು ಸೇತುವೆ ಬೇಕು. ಬೆಸ ಸಂಖ್ಯೆ ಇದ್ದರೆ ಒಂದು ಉಳಿದುಬಿಡುತ್ತದೆ, ಅಂಥ ಜಾಗ ಹೊರಡುವಲ್ಲಿ ಅಥವಾ ಮುಗಿಸುವಲ್ಲಿ ಮಾತ್ರ ಇರಬಹುದು. ಯಾರಾದರೂ ಒಬ್ಬ ಮಗು ಇದನ್ನು ತಾನಾಗಿ ಹೇಳಿದರೆ ಆ ವಾರ ಸಾರ್ಥಕ.

ಇನ್ನೊಂದು ಗೋಡೆಗೆ. ಸಂಖ್ಯೆ ಸಮ ಆಗಿದ್ದರೆ ಅರ್ಧ ಮಾಡಿ, ಬೆಸ ಆಗಿದ್ದರೆ ಮೂರರಿಂದ ಗುಣಿಸಿ ಒಂದು ಕೂಡಿಸಿ. 7ರಿಂದ ಹೊರಟರೆ 22, 11, 34, 17... ಹೀಗೆ ಹದಿನಾರು ಹೆಜ್ಜೆಗೆ 1 ಬರುತ್ತದೆ. 27ರಿಂದ ಹೊರಟರೆ 9232ರ ತನಕ ಏರಿ, 111 ಹೆಜ್ಜೆ ಹಾಕಿ 1ಕ್ಕೆ ಇಳಿಯುತ್ತದೆ. ಎಲ್ಲ ಸಂಖ್ಯೆಯೂ ಹೀಗೇ 1ಕ್ಕೆ ಬರುತ್ತದಾ? ಇದುವರೆಗೂ ಯಾರೂ ಸಾಬೀತು ಮಾಡಿಲ್ಲ. ಜಗತ್ತಿನಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಆರನೇ ತರಗತಿಯ ಮಗುವಿಗೆ ಅರ್ಥವಾಗುತ್ತದೆ ಅಂದರೆ ಅದಕ್ಕಿಂತ ದೊಡ್ಡ ಗೌರವ ಏನಿದೆ ಹೇಳಿ.

ಹಳೇ ಮೇಷ್ಟ್ರು

ತುಂಬಾ ಚೆನ್ನಾಗಿದೆ ಸರ್.

ಮೇಡಂ, ಅಸೆಂಬ್ಲಿಗೆ ಭಾಷಣದ ಬದಲು ಒಂದು ಗುಣಾಕಾರ ಸಾಕು. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯನಿಗೆ ಕೊರಳ ಹಾರದ ಹಾಗೆ ಎರಡು ಕಡೆಯಿಂದಲೂ ಒಂದೇ ರೀತಿ ಕಾಣುವ ಗುಣಲಬ್ಧಗಳು ಅಂದರೆ ಬಲು ಪ್ರೀತಿ. 139 × 109 = 15151. 152207 × 73 = 11111111. ದಿನಕ್ಕೊಂದು ಗುಣಾಕಾರವನ್ನು ಉತ್ತರ ಬರೆಯದೆ ಬೋರ್ಡ್ ಮೇಲೆ ಹಾಕಿ ಸುಮ್ಮನೆ ಹೋಗಿಬಿಡಿ. ಮಾಡುವವರು ಮಾಡಿಕೊಂಡು ಬರುತ್ತಾರೆ.

ಕೊನೆಯದಾಗಿ, ದಿನಕ್ಕೆ ಒಂದೇ ಮುಖ್ಯ ಚಟುವಟಿಕೆ. ನೀವು ಇಷ್ಟು ಚಟುವಟಿಕೆ ಸೇರಿಸಿಕೊಂಡು ಎಲ್ಲವನ್ನೂ ತುರುಕಿದರೆ ಮಕ್ಕಳಿಗೆ ಯೋಚನೆ ಮಾಡಲು ಪುರುಸೊತ್ತೇ ಸಿಗುವುದಿಲ್ಲ. ಮಗು ಪೆನ್ಸಿಲ್ ಕಚ್ಚಿಕೊಂಡು ಸುಮ್ಮನೆ ಕೂತಿದ್ದರೆ ಕೂತಿರಲಿ. ಆ ಹೊತ್ತೇ ಮುಖ್ಯ.

ಸೀಮೆಸುಣ್ಣ

ಸರಿ, ಹೊಸ ಪಟ್ಟಿ. ಸೋಮವಾರ 6174. ಮಂಗಳವಾರ ಮೋಬಿಯಸ್. ಬುಧವಾರ ದಾರ ಮತ್ತು ಪೈ. ಗುರುವಾರ ಮೈದಾನದಲ್ಲಿ ಸೇತುವೆ. ಶುಕ್ರವಾರ ಹುಟ್ಟಿದ ದಿನದ ಮಾಯಾ ಚೌಕ, ಆಮೇಲೆ ಗೋಲಿ ಎಣಿಕೆ. ಕಾರಿಡಾರ್ ಗೋಡೆಯ ಮೇಲೆ ವಾರ ಪೂರ್ತಿ ಕೈವಾರ ಸರ್ ಹೇಳಿದ ಸಂಖ್ಯೆಗಳ ಸರಪಳಿ. ಬಹುಮಾನ ಇಲ್ಲ.

ಮಾಯಾ ಚೌಕದ ವಿಧಾನ ಯಾರಿಗಾದರೂ ಬೇಕಾಗಬಹುದು, ಬರೆದುಬಿಡುತ್ತೇನೆ. ಶ್ರೀನಿವಾಸ ರಾಮಾನುಜನ್ ಹುಟ್ಟಿದ್ದು 22-12-1887. ಮೊದಲ ಸಾಲಿನಲ್ಲಿ ಅದನ್ನೇ ಬರೆಯುವುದು:

22, 12, 18, 87
88, 17, 9, 25
10, 24, 89, 16
19, 86, 23, 11

ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ, ಎಲ್ಲಿ ಕೂಡಿದರೂ 139. ಮೊದಲ ಸಾಲನ್ನು ಅ, ಆ, ಇ, ಈ ಅಂದುಕೊಂಡರೆ ಎರಡನೇ ಸಾಲು ಈ+1, ಇ−1, ಆ−3, ಅ+3. ಮೂರನೆಯದು ಆ−2, ಅ+2, ಈ+2, ಇ−2. ನಾಲ್ಕನೆಯದು ಇ+1, ಈ−1, ಅ+1, ಆ−1. ಯಾವ ತಾರೀಖಿಗೂ ನಡೆಯುತ್ತದೆ.

ಹಿಂದಿನ ಬೆಂಚು

ನಂದು ಮಾಡಿದೆ. ಬಂತು! ಮೂರು ಸಲ ಕೂಡಿ ನೋಡಿದೆ. ವಾರ ಮುಗಿದ ಮೇಲೆ ಹೇಗಾಯಿತು ಅಂತ ದಯವಿಟ್ಟು ಬಂದು ಹೇಳಿ ಮೇಡಂ.

ಸೀಮೆಸುಣ್ಣ

ವಾರ ಮುಗಿಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಸೋಮವಾರ ಆರನೇ ತರಗತಿ. ಹತ್ತು ನಿಮಿಷದಲ್ಲಿ ಅಲ್ಲೊಬ್ಬ ಇಲ್ಲೊಬ್ಬರು "6174" ಅಂತ ಕೂಗಲು ಶುರು ಮಾಡಿದರು. ಕೊನೇ ಸಾಲಿನ ಒಬ್ಬ ಹುಡುಗ ಮಾತ್ರ ಪುಸ್ತಕ ಮುಚ್ಚಿಕೊಂಡು ಕೂತಿದ್ದ. ಹೋಗಿ ಕೇಳಿದೆ. "ನಂದು ತಪ್ಪು ಮಿಸ್, ಸೊನ್ನೆ ಬಂತು" ಅಂದ. ಅವನು ತಗೊಂಡಿದ್ದು 2111. 2111ರಲ್ಲಿ 1112 ಕಳೆದು 999 ಬಂದಿದೆ. ತಿರುಗಿಸಿ ಬರೆದರೂ 999, ಕಳೆದರೆ ಸೊನ್ನೆ. ಕಳೆಯುವ ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ. ನಾನು ಅದನ್ನು ಬೋರ್ಡ್ ಮೇಲೆ ಬರೆದು, ಇವನಿಗೆ ಬೇರೆ ಉತ್ತರ ಬಂದಿದೆ, ಎಲ್ಲಿ ತಪ್ಪಿದೆ ಹುಡುಕಿ ಅಂದೆ. ತರಗತಿ ನಿಶ್ಶಬ್ದ. ಯಾರಿಗೂ ತಪ್ಪು ಸಿಗಲಿಲ್ಲ. ಆಮೇಲೆ ಅವನೇ ಎದ್ದು ನಿಂತು, "ನಾಲ್ಕು ಅಂಕಿ ಇರಬೇಕು ಅಂದ್ರಲ್ಲ ಮಿಸ್, ಮುಂದೆ ಸೊನ್ನೆ ಹಾಕಿದ್ರೆ?" ಅಂದ. 0999. 9990 ಕಳೆ 0999, 8991. ಅಲ್ಲಿಂದ ಮೂರು ಹೆಜ್ಜೆಗೆ 6174. ಎಲ್ಲರೂ ಅವನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಮೇಜಿನ ಮೇಲಿದ್ದ ಚೀಟಿಯನ್ನು ಅವನಿಂದಲೇ ಬಿಚ್ಚಿಸಿದೆ.

ಮೋಬಿಯಸ್ ದಿನ ಕತ್ತರಿ ಸಾಲಲಿಲ್ಲ, ಗಲಾಟೆ ಜಾಸ್ತಿ ಆಯಿತು. ಮುಂದಿನ ಸಲ ಇಬ್ಬರಿಗೊಂದು ಕತ್ತರಿ ಬೇಕೇ ಬೇಕು. ದಾರದ ಚಾರ್ಟ್‌ನಲ್ಲಿ ಮೂರು ದಾರ ಗೆರೆ ಬಿಟ್ಟು ಮೇಲೆ ಹೋಗಿದ್ದವು. ಮಕ್ಕಳೇ ಪತ್ತೆ ಮಾಡಿದರು, ಎರಡು ತಟ್ಟೆ ದುಂಡಗಿರಲಿಲ್ಲ, ಮೊಟ್ಟೆಯಾಕಾರ. ಇನ್ನೊಂದರಲ್ಲಿ ದಾರ ಸಡಿಲವಾಗಿ ಸುತ್ತಿದ್ದರು. ಚಾರ್ಟ್ ಇನ್ನೂ ಗೋಡೆಯ ಮೇಲಿದೆ.

ಸೇತುವೆ ಆಟ ಆಡಿದ್ದು ಎಂಟನೇ ತರಗತಿ. ಬಿಸಿಲಿಗೆ ಅರ್ಧ ಜನ ನೆರಳಿಗೆ ಹೋದರು. ಕಾರಣ ಹೇಳಿದ್ದು ಯಾರೂ ಇಲ್ಲ ಕೈವಾರ ಸರ್, ಆದರೆ ಇಬ್ಬರು ಹುಡುಗಿಯರು "ಮೂರು ಇದ್ದರೆ ಸಿಕ್ಕಿಹಾಕಿಕೊಳ್ತೀವಿ" ಅಂತ ಹತ್ತಿರ ಹತ್ತಿರ ಬಂದಿದ್ದರು. ಅವರನ್ನು ಅಲ್ಲಿಗೇ ಬಿಟ್ಟಿದ್ದೇನೆ.

ಮಾಯಾ ಚೌಕದಲ್ಲಿ ನಾನು ಯೋಚಿಸದೇ ಇದ್ದದ್ದು ಒಂದು ಬಂತು. ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರಿಗೆ 1ರಲ್ಲಿ 3, 2ರಲ್ಲಿ 3 ಕಳೆಯಬೇಕಾಗುತ್ತದೆ. ಆರನೇ ತರಗತಿಯಲ್ಲಿ ನಾವಿನ್ನೂ ಋಣ ಸಂಖ್ಯೆ ಶುರು ಮಾಡಿಲ್ಲ. "ನಮಗ್ಯಾಕೆ ಬರಲ್ಲ?" ಅಂತ ಆರು ಮಕ್ಕಳು ಬಂದು ನಿಂತರು. ಸೊನ್ನೆಗಿಂತ ಕೆಳಗಿನ ಮೆಟ್ಟಿಲು ಅಂತ ಬೋರ್ಡ್ ಮೇಲೆ ಬರೆದು ತೋರಿಸಿದೆ. ಆ ಆರು ಜನ ಉಳಿದವರಿಗೆ ಹೇಳಿಕೊಟ್ಟರು. ನಾನು ಸುಮ್ಮನೆ ನಿಂತು ನೋಡಿದೆ.

ಗೋಲಿ ಇದ್ದದ್ದು 412. ಮಕ್ಕಳ ನಡುವಿನ ಅಂದಾಜು 350. ಅಷ್ಟೇನೂ ಹತ್ತಿರ ಅಲ್ಲ. ಕೆಳಗಿನ ಪದರದ ಗೋಲಿ ಕಾಣಿಸುತ್ತಿರಲಿಲ್ಲ, ಅದಕ್ಕೇ ಎಲ್ಲರೂ ಕಡಿಮೆ ಹೇಳಿದ್ದೇವೆ ಅಂತ ಒಬ್ಬಳು ಹೇಳಿದಳು.

ಹಿಂದಿನ ಬೆಂಚು

ಆ ಹುಡುಗ ಪುಸ್ತಕ ಮುಚ್ಚಿ ಕೂತಿದ್ದು ಓದುವಾಗ ಎದೆ ಹಿಂಡಿತು. ಅವನ ಹತ್ತಿರ ಹೋದಿರಲ್ಲ ಮೇಡಂ, ನಿಮಗೆ ಪುಣ್ಯ ಬರಲಿ.

ಹಳೇ ಮೇಷ್ಟ್ರು

ಬಹಳ ಸಂತೋಷ ಆಯಿತು. ಒಂದು ಕೇಳುತ್ತೇನೆ, ಐದು ಅಂಕಿ ತಗೊಂಡರೆ ಏನಾಗುತ್ತೆ ಅಂತ ಯಾರಾದರೂ ಕೇಳಿದರಾ?

ಸೀಮೆಸುಣ್ಣ

ಕೇಳಿದ್ದಷ್ಟೇ ಅಲ್ಲ ಮೇಷ್ಟ್ರೇ! ಏಳನೇ ತರಗತಿಯ ಒಬ್ಬಳು ಶನಿವಾರ ಬೆಳಗ್ಗೆ ಎರಡು ಪುಟ ತುಂಬ ಲೆಕ್ಕ ಮಾಡಿಕೊಂಡು ಬಂದಳು. ಅವಳಿಗೆ 59994 ಬರುತ್ತದೆ, ಆಮೇಲೆ 53955, ಮತ್ತೆ 59994. ಎಲ್ಲೋ ತಪ್ಪಿದ್ದೇನೆ ಅಂದುಕೊಂಡು ನಾಲ್ಕು ಸಲ ಅಳಿಸಿ ಬರೆದಿದ್ದಾಳೆ, ಪೇಪರ್ ತೂತು ಬಿದ್ದಿದೆ. ತಪ್ಪಿಲ್ಲ, ಅದು ಹಾಗೇ ಸುತ್ತುತ್ತದೆ ಅಂದೆ. ಈಗ ಅವಳ ಪಕ್ಕದ ಹುಡುಗ ಬೇರೆ ಸಂಖ್ಯೆಯಿಂದ ಹೊರಟು ನಾಲ್ಕು ಸಂಖ್ಯೆಗಳ ಸುತ್ತು ತಂದಿದ್ದಾನೆ: 61974, 82962, 75933, 63954. ಇನ್ನೂ ಬೇರೆ ಸುತ್ತು ಇದೆಯಾ ಅಂತ ಇಬ್ಬರೂ ಊಟದ ಬಿಡುವಿನಲ್ಲಿ ಹುಡುಕುತ್ತಿದ್ದಾರೆ. ನಾನು ಇನ್ನೂ ಏನೂ ಹೇಳಿಲ್ಲ.